ಪಾಯಿಂಟ್ ಯಾವುದಕ್ಕೆ ಕೊಡುತ್ತೀರಿ? ಓದನ್ನು ಗೇಮ್‌ನಂತೆ ಲೆವೆಲ್‌ಗಳಾಗಿ ಕಟ್ಟುವ ಬಗೆ

1985ರಲ್ಲಿ ಬಂದ ಸೂಪರ್ ಮಾರಿಯೋ ಬ್ರದರ್ಸ್ ಗೇಮ್‌ನ ಮೊದಲ ಲೆವೆಲ್ ನೋಡಿ. ಹೀಗೆ ಆಡಿ ಅಂತ ಪರದೆಯ ಮೇಲೆ ಎಲ್ಲೂ ಬರೆದಿಲ್ಲ. ಮಾರಿಯೋ ಎಡಗಡೆ ನಿಂತಿದ್ದಾನೆ, ಬಲಗಡೆ ಜಾಗ ಖಾಲಿ ಇದೆ. ಬಲಕ್ಕೆ ಹೋಗಬೇಕು ಅಂತ ತಾನಾಗಿಯೇ ಹೊಳೆಯುತ್ತದೆ. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಎದುರಿಂದ ಒಬ್ಬ ಶತ್ರು ಬರುತ್ತಾನೆ. ತಾಗಿದರೆ ಆಟ ಹೋಯಿತು. ಆದರೆ ಹೋದದ್ದು ಬರೀ ಕೆಲವು ಸೆಕೆಂಡಿನ ಆಟ. ಎರಡನೇ ಸಲ ಬಂದಾಗ ನೀವು ಹಾರುತ್ತೀರಿ.

ಅದೇ ಲೆವೆಲ್‌ನಲ್ಲಿ ಇನ್ನಷ್ಟು ಮುಂದೆ ಹೋದರೆ ಎದುರುಬದುರಾಗಿ ಎರಡು ಮೆಟ್ಟಿಲ ಸಾಲು ಸಿಗುತ್ತವೆ. ನಡುವೆ ಒಂದು ಸಂದು. ಹಾರುವಾಗ ತಪ್ಪಿದರೆ ಸಂದಿನೊಳಗೆ ಬೀಳುತ್ತೀರಿ, ಆದರೆ ಕೆಳಗೆ ಗಟ್ಟಿ ನೆಲ ಇದೆ. ಎದ್ದು ಮತ್ತೆ ಹತ್ತಬಹುದು. ಸ್ವಲ್ಪ ಮುಂದೆ ಅಂಥದೇ ಇನ್ನೊಂದು ಜೋಡಿ ಬರುತ್ತದೆ. ಈ ಸಲ ನಡುವೆ ನೆಲ ಇಲ್ಲ, ಗುಂಡಿ. ಮೊದಲು ಪೆಟ್ಟಾಗದ ಜಾಗದಲ್ಲಿ ಅಭ್ಯಾಸ, ಆಮೇಲೆ ಪೆಟ್ಟಾಗುವ ಜಾಗದಲ್ಲಿ ಅದೇ ಜಿಗಿತ. ಇಷ್ಟು ಚೆನ್ನಾಗಿ ಕಟ್ಟಿದ ಪಾಠವನ್ನು ನಾನು ಪಠ್ಯಪುಸ್ತಕಗಳಲ್ಲಿ ಕಂಡದ್ದು ಕಡಿಮೆ.

ಓದನ್ನು ಗೇಮ್‌ನಂತೆ ಮಾಡೋಣ ಅಂದ ಕೂಡಲೇ ನಮ್ಮ ತಲೆಗೆ ಬರುವುದು ಪಾಯಿಂಟ್, ಬ್ಯಾಡ್ಜ್, ಸ್ಟ್ರೀಕ್ (ದಿನ ತಪ್ಪದೆ ಮಾಡಿದ್ದರ ಎಣಿಕೆ), ಬಣ್ಣದ ಪಟ್ಟಿಗಳು. ಇವೆಲ್ಲ ಗೇಮ್‌ನ ಮೇಲಿನ ಅಲಂಕಾರ. ಮೇಲೆ ಹೇಳಿದ ಮೆಟ್ಟಿಲುಗಳಲ್ಲಿ ಪಾಯಿಂಟ್‌ಗೆ ಯಾವ ಪಾತ್ರವೂ ಇಲ್ಲ. ಅಲ್ಲಿ ಕೆಲಸ ಮಾಡುವುದು ಬೇರೆ ವಿಷಯಗಳು. ಮುಂದಿನ ಹೆಜ್ಜೆ ಚಿಕ್ಕದಾಗಿದೆ. ಸರಿಯೋ ತಪ್ಪೋ ಆ ಕ್ಷಣವೇ ತಿಳಿಯುತ್ತದೆ. ಸೋತರೆ ಜಾಸ್ತಿ ನಷ್ಟ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮುಂದಿನ ಲೆವೆಲ್‌ನ ಬಾಗಿಲು ತೆರೆಯುವುದು ಮಾಡಿ ತೋರಿಸಿದವರಿಗೆ ಮಾತ್ರ. ಎರಡು ಗಂಟೆ ಪರದೆ ನೋಡುತ್ತಾ ಕೂತರೂ ಗುಂಡಿ ದಾಟದೆ ಅದು ತೆರೆಯುವುದಿಲ್ಲ.

ಓದಿನಲ್ಲಿ ನಾವು ಮಾಡುವುದು ಸರಿಯಾಗಿ ಇದರ ಉಲ್ಟಾ, ಅಲ್ವಾ? ಎರಡು ಗಂಟೆ ಪುಟ ನೋಡುತ್ತೇವೆ, ಪಾಠ ಮುಗಿಯಿತು ಅಂತ ಗುರುತು ಹಾಕುತ್ತೇವೆ, ಮುಂದಿನ ಪಾಠಕ್ಕೆ ಹೋಗುತ್ತೇವೆ.

ಪಾಯಿಂಟ್ ಎಲ್ಲಿ ಬೀಳುತ್ತದೋ ಆಟ ಅಲ್ಲಿಗೆ ಹೋಗುತ್ತದೆ

ಅನುಭವದ ಪಾಯಿಂಟ್ ಕೂಡಿಸಿ ಲೆವೆಲ್ ಏರುವ ಪದ್ಧತಿ ಜನಪ್ರಿಯವಾದದ್ದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ಸಾಹಸಿಗಳ ಪಾತ್ರ ವಹಿಸಿ ಆಡುವ ಆಟದಿಂದ. ಅದು ಬಂದದ್ದು 1974ರಲ್ಲಿ. ಕಂಪ್ಯೂಟರ್ ಬೇಡ, ಕಾಗದ, ಪೆನ್ಸಿಲ್, ದಾಳ ಸಾಕು. ಅದರ ಮೊದಲ ನಿಯಮಗಳಲ್ಲಿ ಒಂದು ವಿಶೇಷ ಇತ್ತು. ಶತ್ರುಗಳನ್ನು ಕೊಂದರೆ ಸಿಗುವ ಪಾಯಿಂಟ್ ಕಡಿಮೆ. ನೆಲಮಾಳಿಗೆಯಿಂದ ಹೊರತಂದ ಚಿನ್ನಕ್ಕೆ ಸಿಗುವುದು ಜಾಸ್ತಿ, ಒಂದು ನಾಣ್ಯಕ್ಕೆ ಒಂದು ಪಾಯಿಂಟ್. ಇದರಿಂದ ಏನಾಯಿತು? ಜಾಣ ಆಟಗಾರರು ಜಗಳ ತಪ್ಪಿಸಿಕೊಳ್ಳುವುದನ್ನು ಕಲಿತರು. ಕದ್ದು ಹೋಗುವುದು, ಮಾತಾಡಿ ದಾರಿ ಬಿಡಿಸಿಕೊಳ್ಳುವುದು, ಬೇರೆ ಬಾಗಿಲು ಹುಡುಕುವುದು ಇವೇ ಮುಖ್ಯವಾದವು. ನಂತರದ ಆವೃತ್ತಿಗಳಲ್ಲಿ ಪಾಯಿಂಟ್ ಮುಖ್ಯವಾಗಿ ಶತ್ರುವನ್ನು ಸೋಲಿಸಿದ್ದಕ್ಕೆ ಸಿಗತೊಡಗಿತು. ಆಗ ಆಟವೂ ಹೊಡೆದಾಟದ ಕಡೆಗೆ ವಾಲಿತು. ಬದಲಾದದ್ದು ಪಾಯಿಂಟ್ ಸಿಗುವ ಜಾಗ, ಅದರ ಹಿಂದೆಯೇ ಆಡುವವರ ನಡವಳಿಕೆ.

ನಾನು ಮೊದಲ ಸಲ ಓದಿಗೆ ಪಾಯಿಂಟ್ ಹಾಕಿಕೊಂಡಾಗ ಅರ್ಧ ಗಂಟೆಗೆ ಹತ್ತು ಅಂತ ಇಟ್ಟಿದ್ದೆ. ಹದಿನೈದೇ ದಿನದಲ್ಲಿ ಪಾಯಿಂಟ್ ರಾಶಿ ಬಿತ್ತು. ಪುಸ್ತಕ ಮುಚ್ಚಿ ಒಂದು ಪಾಠದ ಸಾರ ಬರೆಯಲು ಕೂತಾಗ ಮಾತ್ರ ನಾಲ್ಕು ಸಾಲಿಗಿಂತ ಮುಂದೆ ಹೋಗಲಿಲ್ಲ. ಕೂತದ್ದಕ್ಕೆ ಪಾಯಿಂಟ್ ಕೊಟ್ಟಿದ್ದೆ, ಕೂರುವುದು ಬೆಳೆದಿತ್ತು. ಕಲಿಕೆಗೆ ಕೊಟ್ಟಿರಲೇ ಇಲ್ಲ.

ಹಾಗಾದರೆ ಯಾವುದಕ್ಕೆ ಕೊಡಬೇಕು? ಇದಕ್ಕೆ ಸ್ಪಷ್ಟ ಉತ್ತರ ಕೊಡುವ ಒಂದು ಪ್ರಯೋಗ ಇದೆ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಚಿಕ್ಕ ಬರಹ ಕೊಟ್ಟರು. ಒಂದು ಗುಂಪು ನಾಲ್ಕು ಅವಧಿಯಲ್ಲೂ ಅದನ್ನೇ ಓದಿತು, ಸರಾಸರಿ 14 ಸಲ. ಇನ್ನೊಂದು ಗುಂಪು ಮೊದಲ ಅವಧಿಯಲ್ಲಿ ಮಾತ್ರ ಓದಿತು, ಮೂರು ನಾಲ್ಕು ಸಲ. ಉಳಿದ ಮೂರು ಅವಧಿಯಲ್ಲಿ ಬರಹವನ್ನು ನೋಡದೆ, ನೆನಪಿಗೆ ಬಂದದ್ದನ್ನು ಬರೆಯಿತು. ಐದು ನಿಮಿಷದ ನಂತರ ಪರೀಕ್ಷೆ ಮಾಡಿದರೆ ಓದುತ್ತಲೇ ಇದ್ದವರೇ ಮುಂದೆ: 83 ಶೇಕಡ, ಇನ್ನೊಂದು ಗುಂಪಿಗೆ 71. ಒಂದು ವಾರದ ನಂತರ ನೋಡಿದರೆ ತಿರುಗುಮುರುಗು. ಓದಿದವರಿಗೆ ನೆನಪಿದ್ದದ್ದು 40 ಶೇಕಡ, ನೆನಪಿಸಿಕೊಂಡವರಿಗೆ 61.

ನನಗೆ ಅಂಕಿಗಳಿಗಿಂತ ಮುಖ್ಯವಾಗಿ ಕಾಣುವುದು ಇನ್ನೊಂದು ಸಂಗತಿ. ಒಂದು ವಾರದ ಮೇಲೆ ಎಷ್ಟು ನೆನಪಿರುತ್ತದೆ ಅಂತ ಕೇಳಿದಾಗ ಜಾಸ್ತಿ ಧೈರ್ಯ ತೋರಿಸಿದವರು ಓದುತ್ತಲೇ ಇದ್ದವರು. ಪದೇ ಪದೇ ಓದಿದಾಗ ಸಾಲುಗಳು ಪರಿಚಿತವಾಗುತ್ತವೆ. ಆ ಪರಿಚಯವನ್ನೇ ನಾವು ಕಲಿಕೆ ಅಂದುಕೊಳ್ಳುತ್ತೇವೆ. ಹಾಗಾಗಿ "ಬಂತು" ಅನ್ನಿಸುವ ಭಾವನೆಯನ್ನು ನಂಬಿ ಲೆವೆಲ್ ಏರುವ ಹಾಗಿಲ್ಲ. ಪುಸ್ತಕ ಮುಚ್ಚಿ ತಲೆಯಿಂದ ಹೊರತೆಗೆದದ್ದಕ್ಕೆ ಪಾಯಿಂಟ್. ಗಂಟೆಗೆ ಇಲ್ಲ, ಪುಟಕ್ಕೆ ಇಲ್ಲ, ಬಣ್ಣದ ಪೆನ್ನಿನ ಗೆರೆಗೆ ಇಲ್ಲ.

ಒಂದು ಪೆಟ್ಟಿಗೆ, ಐದು ಖಾನೆ

ಗೇಮ್ ಅನ್ನುವ ಮಾತು ಓದಿನ ಲೋಕಕ್ಕೆ ಬರುವ ಮೊದಲೇ ಒಬ್ಬರು ಅದನ್ನು ರಟ್ಟಿನ ಪೆಟ್ಟಿಗೆಯಲ್ಲಿ ಮಾಡಿಟ್ಟಿದ್ದರು. ಜರ್ಮನ್ ಭಾಷೆಯಲ್ಲಿ ವಿಜ್ಞಾನ ಬರಹ ಮಾಡುತ್ತಿದ್ದ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದ ಆರಂಭದಲ್ಲಿ ಪ್ರಚಾರಕ್ಕೆ ತಂದ ಪದ್ಧತಿ ಇದು.

ಕಾರ್ಡಿನ ಒಂದು ಕಡೆ ಪ್ರಶ್ನೆ, ಹಿಂದೆ ಉತ್ತರ. ಎಲ್ಲ ಕಾರ್ಡುಗಳೂ ಮೊದಲ ಖಾನೆಯಲ್ಲಿ ಶುರುವಾಗುತ್ತವೆ. ಉತ್ತರ ಸರಿಯಾದರೆ ಕಾರ್ಡು ಎರಡನೇ ಖಾನೆಗೆ. ಮತ್ತೆ ಸರಿಯಾದರೆ ಮೂರನೆಯದಕ್ಕೆ. ತಪ್ಪಾದರೆ ಎಲ್ಲೇ ಇರಲಿ, ಮರಳಿ ಮೊದಲ ಖಾನೆಗೆ. ಮೊದಲ ಖಾನೆಯನ್ನು ದಿನವೂ ನೋಡುತ್ತೀರಿ, ಎರಡನೆಯದನ್ನು ಎರಡು ದಿನಕ್ಕೊಮ್ಮೆ, ಮೂರನೆಯದನ್ನು ನಾಲ್ಕು ದಿನಕ್ಕೊಮ್ಮೆ, ಮುಂದಿನದನ್ನು ವಾರಕ್ಕೊಮ್ಮೆ, ಕೊನೆಯದನ್ನು ಎರಡು ವಾರಕ್ಕೊಮ್ಮೆ. ಈ ಅಂತರಗಳನ್ನು ನಿಮಗೆ ಬೇಕಾದ ಹಾಗೆ ಬದಲಿಸಿಕೊಳ್ಳಬಹುದು. ಅಂತರ ದೊಡ್ಡದಾಗುತ್ತಾ ಹೋಗುವುದು ಮಾತ್ರ ಮುಖ್ಯ.

ಯಾಕೆ ದೊಡ್ಡದಾಗಬೇಕು? ಜರ್ಮನ್ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹಾಸ್ 1885ರಲ್ಲಿ ತನ್ನ ಮೇಲೆಯೇ ಮಾಡಿಕೊಂಡ ಪ್ರಯೋಗಗಳನ್ನು ಪ್ರಕಟಿಸಿದರು. ಅರ್ಥವಿಲ್ಲದ ಅಕ್ಷರಗುಚ್ಛಗಳ ಪಟ್ಟಿಯನ್ನು ಬಾಯಿಪಾಠ ಮಾಡಿ, ಬೇರೆ ಬೇರೆ ಸಮಯದ ನಂತರ ಎಷ್ಟು ಉಳಿದಿದೆ ಅಂತ ಅಳೆದರು. ಮರೆವು ಮೊದಮೊದಲು ತುಂಬಾ ಬೇಗ ನಡೆಯುತ್ತದೆ, ಆಮೇಲೆ ನಿಧಾನವಾಗುತ್ತದೆ. ಒಂದೇ ದಿನ ಎಲ್ಲ ಪುನರಾವರ್ತನೆ ಮುಗಿಸುವುದಕ್ಕಿಂತ ಹಲವು ದಿನಕ್ಕೆ ಹಂಚಿದರೆ ಕಡಿಮೆ ಶ್ರಮದಲ್ಲಿ ಕೆಲಸ ಆಗುತ್ತದೆ ಅನ್ನುವುದೂ ಅವರಿಗೆ ಕಂಡಿತು. ಮರೆಯುವ ಹೊತ್ತಿಗೆ ಸರಿಯಾಗಿ ಹೋಗಿ ನೆನಪನ್ನು ಎಳೆದು ತಂದರೆ ಅದು ಮೊದಲಿಗಿಂತ ಗಟ್ಟಿಯಾಗುತ್ತದೆ. ಹಾಗೆ ಗಟ್ಟಿಯಾದದ್ದನ್ನು ಇನ್ನೂ ತಡವಾಗಿ ನೋಡಿದರೆ ಸಾಕು.

ಈಗ ಆ ಪೆಟ್ಟಿಗೆಯನ್ನು ಮತ್ತೆ ನೋಡಿ. ಪ್ರತಿ ಕಾರ್ಡಿಗೂ ಅದರದೇ ಲೆವೆಲ್ ಇದೆ. ಸುಲಭವಾದ ಕಾರ್ಡು ಬೇಗ ಮೇಲೇರಿ ನಿಮ್ಮ ಕಣ್ಣಿಂದ ದೂರವಾಗುತ್ತದೆ. ಕಷ್ಟದ ಕಾರ್ಡು ಮೊದಲ ಖಾನೆಯಲ್ಲೇ ಉಳಿದು ದಿನವೂ ಎದುರಾಗುತ್ತದೆ. ನಿಮ್ಮ ಸಮಯ ಎಲ್ಲಿ ಬೇಕೋ ಅಲ್ಲಿಗೇ ಹೋಗುತ್ತದೆ. ಐದನೇ ಖಾನೆ ತುಂಬುತ್ತಿರುವುದನ್ನು ನೋಡುವುದೇ ಒಂದು ಖುಷಿ. ಅದು ಪ್ರಗತಿಯ ಪಟ್ಟಿ, ಆದರೆ ಸುಳ್ಳು ಹೇಳದ ಪಟ್ಟಿ. ಆಂಕಿಯಂಥ ಆಪ್‌ಗಳು ಇದೇ ವಿಚಾರವನ್ನು ಫೋನಿಗೆ, ಕಂಪ್ಯೂಟರಿಗೆ ತಂದು ಅಂತರದ ಲೆಕ್ಕವನ್ನು ತಾವೇ ಮಾಡುತ್ತವೆ. ಕಾಗದದ ಪೆಟ್ಟಿಗೆಯೂ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಒಂದು ಮಾತು. ಕಾರ್ಡಿನ ಮೇಲೆ ಒಂದೇ ಪ್ರಶ್ನೆ ಇರಲಿ. "ಹೃದಯದ ಬಗ್ಗೆ ಬರೆಯಿರಿ" ಅಂತ ಬರೆದರೆ ಸರಿ ತಪ್ಪು ಹೇಳಲು ಬರುವುದಿಲ್ಲ. "ಶ್ವಾಸಕೋಶದಿಂದ ಬರುವ ರಕ್ತ ಹೃದಯದ ಯಾವ ಕೋಣೆಗೆ ಸೇರುತ್ತದೆ?" ಅಂತ ಬರೆದರೆ ಉತ್ತರ ಒಂದೇ, ಎಡ ಹೃತ್ಕರ್ಣ. ತೀರ್ಪೂ ಕೂಡಲೇ.

ಬಿಡಿ ಸಂಗತಿಗೆ ಕಾರ್ಡು, ಕೌಶಲಕ್ಕೆ ನಕ್ಷೆ

ಕಾರ್ಡಿನಿಂದ ಎಲ್ಲ ಆಗುವುದಿಲ್ಲ. ಲೆಕ್ಕ ಬಿಡಿಸುವುದು, ಪ್ರಬಂಧ ಬರೆಯುವುದು, ಪ್ರೋಗ್ರಾಂ ಬರೆಯುವುದು ಇವೆಲ್ಲ ಒಂದರ ಮೇಲೊಂದು ಕೂರುವ ಕೌಶಲಗಳು. ಗೇಮ್‌ಗಳಲ್ಲಿ ಮರದ ಕೊಂಬೆಗಳಂತೆ ಕೌಶಲಗಳ ನಕ್ಷೆ ಇರುತ್ತದಲ್ಲ, ಅದು ಇಲ್ಲಿ ಬೇಕು.

ವರ್ಗಸಮೀಕರಣ ಕಲಿಯಬೇಕು ಅಂದುಕೊಳ್ಳಿ. ಒಂದು ಹಾಳೆ ತೆಗೆದು ಅದನ್ನು ಮೇಲೆ ಬರೆಯಿರಿ. ಇದಕ್ಕೆ ಮೊದಲು ಏನು ಗೊತ್ತಿರಬೇಕು ಅಂತ ಕೇಳುತ್ತಾ ಕೆಳಗೆ ಇಳಿಯಿರಿ. ಸೂತ್ರ ಬಳಸಲು ವರ್ಗಮೂಲ ಬೇಕು. ಅಪವರ್ತಿಸಲು ಎರಡು ಬೀಜೋಕ್ತಿಗಳನ್ನು ಗುಣಿಸಲು ಬರಬೇಕು. ಅದಕ್ಕೆ ಋಣ ಸಂಖ್ಯೆಗಳ ಗುಣಾಕಾರ ತಪ್ಪಿಲ್ಲದೆ ಬರಬೇಕು. ಹೀಗೆ ಇಳಿಯುತ್ತಾ ನಿಮಗೆ ನಿಜಕ್ಕೂ ಬರುವ ಜಾಗ ಮುಟ್ಟುತ್ತೀರಿ. ಅದೇ ನಿಮ್ಮ ಮೊದಲ ಲೆವೆಲ್. ಎಷ್ಟೋ ಜನ "ನನಗೆ ಗಣಿತ ಬರಲ್ಲ" ಅನ್ನುವುದು ಈ ನಕ್ಷೆಯಲ್ಲಿ ಮೂರು ಮೆಟ್ಟಿಲು ಕೆಳಗಿರುವ ಒಂದೇ ಒಂದು ಸಡಿಲ ಕಲ್ಲಿನಿಂದ. ಅದು ಎಲ್ಲಿದೆ ಅಂತ ಕಂಡಾಗ ಮುಖದಲ್ಲಿ ಮೂಡುವ ನಿರಾಳವನ್ನು ನಾನು ನೋಡಿದ್ದೇನೆ. ಈ ಹಾಳೆಯನ್ನು ದಯವಿಟ್ಟು ಬರೆಯಿರಿ, ಮನಸ್ಸಿನಲ್ಲೇ ಮಾಡಿ ಬಿಡಬೇಡಿ.

ಇನ್ನು ಪ್ರತಿ ಲೆವೆಲ್‌ಗೂ ಒಂದು ಬಾಗಿಲು. ಹಿಂದೆ ನೋಡಿರದ ಹತ್ತು ಲೆಕ್ಕ, ಪುಸ್ತಕ ಮುಚ್ಚಿ, ಒಂಬತ್ತು ಸರಿಯಾದರೆ ಮುಂದೆ. ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ 1968ರಲ್ಲಿ ವಾದಿಸಿದ್ದು ಇದನ್ನೇ. ಸಾಮಾನ್ಯ ತರಗತಿಯಲ್ಲಿ ಸಮಯ ಎಲ್ಲರಿಗೂ ಒಂದೇ, ಕಲಿತ ಪ್ರಮಾಣ ಬೇರೆ ಬೇರೆ. ಅರವತ್ತು ಅಂಕ ತೆಗೆದವರೂ ಮುಂದಿನ ಪಾಠಕ್ಕೆ ಹೋಗುತ್ತಾರೆ, ಉಳಿದ ನಲವತ್ತು ಅವರ ಕಾಲ ಕೆಳಗೆ ತೂತಾಗಿ ಉಳಿಯುತ್ತದೆ. ಬ್ಲೂಮ್ ಇದನ್ನು ತಿರುಗಿಸಿದರು. ಕಲಿಯಬೇಕಾದ ಮಟ್ಟ ಎಲ್ಲರಿಗೂ ಒಂದೇ ಇರಲಿ, ಸಮಯ ಬೇಕಾದರೆ ಹೆಚ್ಚುಕಮ್ಮಿ ಆಗಲಿ. ಗೇಮ್‌ಗಳು ಯಾವಾಗಲೂ ಹೀಗೇ ಇವೆ. ಒಂದೇ ಲೆವೆಲ್‌ನಲ್ಲಿ ಇಪ್ಪತ್ತು ಸಲ ಸೋತವರನ್ನೂ ಯಾರೂ ಹಿಂದುಳಿದವರು ಅನ್ನುವುದಿಲ್ಲ. ಅವರು ಇನ್ನೂ ಆಡುತ್ತಿದ್ದಾರೆ, ಅಷ್ಟೇ.

ಹತ್ತಕ್ಕೆ ಹತ್ತೂ ಪ್ರತಿ ಸಲ ಸರಿಯಾಗುತ್ತಿದ್ದರೆ ಲೆವೆಲ್ ತುಂಬಾ ಸುಲಭ, ಮೇಲೇರಿ. ಅರ್ಧದಷ್ಟು ತಪ್ಪುತ್ತಿದ್ದರೆ ಒಂದು ಮೆಟ್ಟಿಲು ಇಳಿಯಿರಿ. ಇಳಿಯುವುದು ಶಿಕ್ಷೆ ಅಲ್ಲ, ನೆಲ ಇರುವ ಸಂದಿನಲ್ಲಿ ಮತ್ತೆ ಹಾರಿ ನೋಡುವುದು.

ಕೆಲವು ಲೆವೆಲ್‌ಗೊಮ್ಮೆ ಗೇಮ್‌ಗಳಲ್ಲಿ ಒಬ್ಬ ದೊಡ್ಡ ಶತ್ರು ಬರುತ್ತಾನೆ, ಬಾಸ್ ಅನ್ನುತ್ತಾರೆ. ಅವನನ್ನು ಗೆಲ್ಲಲು ಅಲ್ಲಿಯವರೆಗೆ ಕಲಿತದ್ದೆಲ್ಲ ಒಟ್ಟಿಗೆ ಬೇಕು. ಓದಿನಲ್ಲಿ ಇದರ ಜಾಗದಲ್ಲಿ ಬರಬೇಕಾದದ್ದು ಬೆರಕೆ ಅಭ್ಯಾಸ. ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ನಾಲ್ಕು ಬಗೆಯ ಘನಾಕೃತಿಗಳ ಘನಫಲ ಕಂಡುಹಿಡಿಯುವುದನ್ನು ಕಲಿತರು. ಒಂದು ಗುಂಪು ಒಂದೊಂದು ಬಗೆಯನ್ನೂ ಸಾಲಾಗಿ ಮುಗಿಸಿತು. ಇನ್ನೊಂದು ಗುಂಪಿಗೆ ನಾಲ್ಕನ್ನೂ ಬೆರೆಸಿ ಕೊಟ್ಟರು. ಅಭ್ಯಾಸದ ವೇಳೆ ಸಾಲಾಗಿ ಮಾಡಿದವರಿಗೆ 89 ಶೇಕಡ, ಬೆರೆಸಿ ಮಾಡಿದವರಿಗೆ 60. ವಾರದ ನಂತರದ ಪರೀಕ್ಷೆಯಲ್ಲಿ ಮೊದಲ ಗುಂಪು 20ಕ್ಕೆ ಇಳಿಯಿತು, ಎರಡನೆಯದು 63ರಲ್ಲಿ ನಿಂತಿತು. ಯಾಕೆಂದರೆ ಸಾಲಾಗಿ ಮಾಡುವಾಗ ಯಾವ ಸೂತ್ರ ಬೇಕು ಅಂತ ಯೋಚಿಸುವ ಅಗತ್ಯವೇ ಬರುವುದಿಲ್ಲ. ಪಾಠದ ಹೆಸರೇ ಉತ್ತರ ಹೇಳಿಬಿಡುತ್ತದೆ. ಪರೀಕ್ಷೆಯಲ್ಲಿ ಪಾಠದ ಹೆಸರು ಇರುವುದಿಲ್ಲ. ಆದ್ದರಿಂದ ಮೂರು ನಾಲ್ಕು ಲೆವೆಲ್ ದಾಟಿದ ಮೇಲೆ ಎಲ್ಲವನ್ನೂ ಕಲಸಿ ಒಂದು ಬಾಸ್ ಹಾಳೆ ಮಾಡಿಕೊಳ್ಳಿ.

ಶುರು ಮಾಡುವಾಗಿನ ಆಲಸ್ಯಕ್ಕೂ ಒಂದು ಉಪಾಯ ಇದೆ. ಜೋಸೆಫ್ ನ್ಯೂನ್ಸ್, ಕ್ಸೇವಿಯರ್ ಡ್ರೆಜ್ ಎಂಬ ಸಂಶೋಧಕರು 2006ರಲ್ಲಿ ಕಾರು ತೊಳೆಯುವ ಕಡೆ ಗಿರಾಕಿಗಳಿಗೆ ಮುದ್ರೆ ಒತ್ತುವ ಚೀಟಿ ಕೊಟ್ಟರು. ಅರ್ಧ ಜನರ ಚೀಟಿಯಲ್ಲಿ ಎಂಟು ಖಾಲಿ ಮನೆ. ಉಳಿದವರ ಚೀಟಿಯಲ್ಲಿ ಹತ್ತು ಮನೆ, ಆದರೆ ಎರಡಕ್ಕೆ ಮೊದಲೇ ಮುದ್ರೆ ಬಿದ್ದಿತ್ತು. ತುಂಬಬೇಕಾದದ್ದು ಇಬ್ಬರಿಗೂ ಎಂಟೇ. ಮೊದಲ ಗುಂಪಿನಲ್ಲಿ 19 ಶೇಕಡ ಜನ ಚೀಟಿ ತುಂಬಿಸಿದರು, ಎರಡನೆಯದರಲ್ಲಿ 34. ನಮ್ಮ ನಕ್ಷೆಗೆ ಇದನ್ನು ಪ್ರಾಮಾಣಿಕವಾಗಿಯೇ ಬಳಸಬಹುದು. ಈಗಾಗಲೇ ಬರುವ ಕೌಶಲಗಳನ್ನೂ ನಕ್ಷೆಯಲ್ಲಿ ಬರೆದು ಬಣ್ಣ ಹಾಕಿ. ನೀವು ಸೊನ್ನೆಯಲ್ಲಿ ಇಲ್ಲ ಅನ್ನುವುದು ನಿಜ ತಾನೆ?

ಎಲ್ಲಿ ಕೆಡುತ್ತದೆ

ಬಹುಮಾನ ಹಾಳು ಮಾಡುವುದೂ ಉಂಟು. ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಚಿತ್ರ ಬಿಡಿಸುವುದು ಇಷ್ಟವಿದ್ದ ಪುಟ್ಟ ಮಕ್ಕಳನ್ನು ಆರಿಸಿದರು. ಕೆಲವರಿಗೆ ಚಿತ್ರ ಬಿಡಿಸಿದರೆ ರಿಬ್ಬನ್ ಕಟ್ಟಿದ ಪ್ರಶಸ್ತಿ ಪತ್ರ ಕೊಡುತ್ತೇವೆ ಅಂತ ಮೊದಲೇ ಹೇಳಿದರು, ಕೊಟ್ಟರು. ಕೆಲವರಿಗೆ ಹೇಳದೆ ಕೊಟ್ಟರು. ಇನ್ನು ಕೆಲವರಿಗೆ ಏನೂ ಇಲ್ಲ. ಒಂದೆರಡು ವಾರದ ನಂತರ ಬಣ್ಣದ ಪೆನ್ನುಗಳನ್ನು ಸುಮ್ನೆ ಮುಂದಿಟ್ಟು ನೋಡಿದರು. ಮೊದಲೇ ಹೇಳಿ ಬಹುಮಾನ ಕೊಟ್ಟಿದ್ದ ಮಕ್ಕಳು ಚಿತ್ರ ಬಿಡಿಸಿದ್ದು ಉಳಿದವರ ಅರ್ಧದಷ್ಟು ಹೊತ್ತು. ಆಟವಾಗಿದ್ದದ್ದು ಅವರಿಗೆ ಕೆಲಸವಾಗಿತ್ತು.

ಅದಕ್ಕೇ ನನ್ನ ಸಲಹೆ: ಈಗಾಗಲೇ ಇಷ್ಟಪಟ್ಟು ಓದುವ ವಿಷಯಕ್ಕೆ ಪಾಯಿಂಟ್ ಹಚ್ಚಬೇಡಿ. ಕೂರಲು ಮನಸ್ಸೇ ಬಾರದ ವಿಷಯಕ್ಕೆ ಹಚ್ಚಿ, ಅದೂ ಶುರುವಿನ ಕೆಲವು ವಾರ. ಮನೆಯಲ್ಲಿ ಮಕ್ಕಳಿಗಾಗಿ ಇದನ್ನು ಮಾಡುವವರು ಇನ್ನೂ ಹುಷಾರಾಗಿರಬೇಕು. ಪಾಯಿಂಟ್ "ಇಲ್ಲಿಗೆ ಬಂದೆ" ಅನ್ನುವ ಸುದ್ದಿಯಾಗಿದ್ದರೆ ಒಳ್ಳೆಯದು. "ಇದನ್ನು ಮಾಡಿದರೆ ಅದು ಕೊಡಿಸುತ್ತೇನೆ" ಅನ್ನುವ ವ್ಯಾಪಾರವಾದರೆ ಆ ಮಕ್ಕಳ ಕತೆಯೇ ಆಗುತ್ತದೆ.

ಯಾರು ಮೊದಲು, ಯಾರು ಕೊನೆ ಅಂತ ತೋರಿಸುವ ಪಟ್ಟಿಯ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯ ಇಲ್ಲ. ಮೈಕೆಲ್ ಹಾನಸ್, ಜೆಸ್ಸಿ ಫಾಕ್ಸ್ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೇ ಕೋರ್ಸಿನ ಎರಡು ತರಗತಿಗಳನ್ನು 16 ವಾರ ಹೋಲಿಸಿದರು. ಬ್ಯಾಡ್ಜ್ ಮತ್ತು ರ‍್ಯಾಂಕ್ ಪಟ್ಟಿ ಇದ್ದ ತರಗತಿಯಲ್ಲಿ ಉತ್ಸಾಹ ಕಾಲಕ್ರಮದಲ್ಲಿ ಕುಗ್ಗಿತು, ಕೊನೆಯ ಪರೀಕ್ಷೆಯ ಅಂಕವೂ ಕಡಿಮೆ ಬಂತು. ಹೋಲಿಸಿಕೊಳ್ಳಲೇಬೇಕು ಅಂದರೆ ಕಳೆದ ತಿಂಗಳ ನಿಮ್ಮದೇ ನಕ್ಷೆ ಇದೆ.

ಸ್ಟ್ರೀಕ್ ವಿಚಾರ ಸ್ವಲ್ಪ ಬೇರೆ. ದಿನ ತಪ್ಪದೆ ಮಾಡಿದ್ದನ್ನು ಎಣಿಸುವುದು ಅಭ್ಯಾಸ ಕೂರಿಸಲು ನಿಜಕ್ಕೂ ನೆರವಾಗುತ್ತದೆ. ತೊಂದರೆ ಬರುವುದು ಅದು ಮುರಿದ ದಿನ. ನೂರ ಹತ್ತು ದಿನದ ಎಣಿಕೆ ಒಂದು ಜ್ವರದಿಂದ ಸೊನ್ನೆಯಾದರೆ ಮನಸ್ಸು ಕುಸಿಯುತ್ತದೆ, ಎಷ್ಟೋ ಜನ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಕಲಿತದ್ದೇನೂ ಸೊನ್ನೆಯಾಗಿರುವುದಿಲ್ಲ, ಎಣಿಕೆ ಮಾತ್ರ. ಹಾಗಾಗಿ ವಾರಕ್ಕೆ ಐದು ದಿನ ಅಂತ ಎಣಿಸಿ, ಎರಡು ದಿನ ಬಿಡುವು ಮೊದಲೇ ಇರಲಿ. ದಿನದ ಕನಿಷ್ಠ ಕೆಲಸ ಐದು ಕಾರ್ಡಿನಷ್ಟು ಚಿಕ್ಕದಾಗಿರಲಿ.

ಎರಡು ಮೂರು ವಾರ ಪೂರ್ತಿ ತಪ್ಪಿಹೋದರೆ? ಪೆಟ್ಟಿಗೆಯಲ್ಲಿ ಮುನ್ನೂರು ಕಾರ್ಡು ಕಾಯುತ್ತಿರುತ್ತವೆ, ನೋಡಿದರೇ ಕೈಕಾಲು ಬರುವುದಿಲ್ಲ. ಎಲ್ಲವನ್ನೂ ಮೊದಲ ಖಾನೆಗೆ ಸುರಿಯಬೇಡಿ. ಹೊಸ ಕಾರ್ಡು ಬರೆಯುವುದನ್ನು ನಿಲ್ಲಿಸಿ. ಮೇಲಿನ ಖಾನೆಯಿಂದ ಶುರು ಮಾಡಿ ದಿನಕ್ಕೆ ಮೂವತ್ತು ತೆಗೆಯಿರಿ. ಅಲ್ಲಿರುವವು ಗಟ್ಟಿಯಾದ ಕಾರ್ಡುಗಳು, ಬಹಳಷ್ಟು ಇನ್ನೂ ನೆನಪಿರುತ್ತವೆ. ತಪ್ಪಿದವು ಮಾತ್ರ ಕೆಳಗಿಳಿಯಲಿ. ಹತ್ತು ದಿನದಲ್ಲಿ ರಾಶಿ ಕರಗುತ್ತದೆ. ಹನ್ನೊಂದನೇ ದಿನ ಒಂದು ಹೊಸ ಕಾರ್ಡು ಬರೆಯಿರಿ.